ಚೆಕ್ ‘ಅಮಾನ್ಯ’ ಆಗುವುದೋ, ವಾಪಸ್ ಬರುವುದೋ?

ಒಂದು ಪದದ ವಿಚಾರ ಕೇಳಬೇಕಿತ್ತು. ಚೆಕ್ ಬೌನ್ಸ್ ಆದರೆ ನಮ್ಮ ಪೇಪರ್‌ನವರು ‘ಚೆಕ್ ಅಮಾನ್ಯ’ ಎಂದು ಬರೆಯುತ್ತಾರೆ. ‘ಚೆಕ್ ಅಮಾನ್ಯ ಪ್ರಕರಣ: ಆರೋಪಿಗೆ ಶಿಕ್ಷೆ’ ಅಂತ ನೀವೂ ಓದಿರುತ್ತೀರಿ. ಈ ‘ಅಮಾನ್ಯ’ ಸರಿಯಾ?

ತಲೆಗೆ ಹುಳ ಬಿಟ್ಟವರು ನನ್ನ ಚಿಕ್ಕಪ್ಪ. ಮಂಗಳೂರಿನ ಬಂದರಿನಲ್ಲಿ ಅವರದ್ದು ತೆಂಗಿನಕಾಯಿ ವ್ಯಾಪಾರ. ಗಿರಾಕಿಯೊಬ್ಬ ಕೊಟ್ಟ 85,000 ರೂಪಾಯಿಯ ಚೆಕ್ ವಾಪಸ್ ಬಂತು. ಜೊತೆಗೆ ಪಿನ್ ಹೊಡೆದ ಬ್ಯಾಂಕಿನ ಚೀಟಿ, ‘ಫಂಡ್ಸ್ ಇನ್‌ಸಫಿಶಿಯೆಂಟ್’ (ಖಾತೆಯಲ್ಲಿ ಸಾಕಷ್ಟು ಹಣ ಇಲ್ಲ) ಎಂಬಲ್ಲಿ ಟಿಕ್. ಚಿಕ್ಕಪ್ಪ ಎರಡನ್ನೂ ಲೆಕ್ಕದ ಪುಸ್ತಕದೊಳಗೆ ತುರುಕಿ ಸುಮ್ನೆ ಕೂತರು. “ಅಮಾನ್ಯ ಆದ ಮೇಲೆ ಮುಗಿಯಿತಲ್ಲ ಮಾರಾಯ? 2016ರಲ್ಲಿ 500ರ ನೋಟು ಆದ ಹಾಗೆ!” ನನಗೆ ಗೊತ್ತಾಗುವಾಗ 26 ದಿನ ಕಳೆದಿತ್ತು. ಆ ಚೀಟಿ ಸಿಕ್ಕಿದ 30 ದಿನದೊಳಗೆ ನೋಟಿಸ್ ಕೊಡದಿದ್ದರೆ, ಚೆಕ್ ಬೌನ್ಸಿಗೆ ಶಿಕ್ಷೆ ಹೇಳುವ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಕೈಬಿಟ್ಟಂತೆ. ಮಳೆಯಲ್ಲೇ ವಕೀಲರ ಆಫೀಸಿಗೆ ಓಡಿದೆವು. ನೋಟಿಸ್ ತಲುಪಿದ ಮೇಲೆ ದುಡ್ಡು ಕೊಡಲು ಗಿರಾಕಿಗೆ 15 ದಿನ ಸಮಯ. 11ನೇ ದಿನ ಕೊಟ್ಟ. ಇಲ್ಲದಿದ್ದರೆ ಕೋರ್ಟು; 2 ವರ್ಷದವರೆಗೆ ಜೈಲು, ಇಲ್ಲವೇ ಚೆಕ್ಕಿನ ಎರಡರಷ್ಟು ಮೊತ್ತದವರೆಗೆ ದಂಡ, ಅಥವಾ ಎರಡೂ.

ಅಂದರೆ ವಿಷಯ ಉಲ್ಟಾ. ಚೆಕ್ ಊರ್ಜಿತವಾಗಿದ್ದರೇನೇ ಈ ಕೇಸು. ಮೂರು ತಿಂಗಳ ಅವಧಿ ಮುಗಿದ ಮೇಲೆ ಬ್ಯಾಂಕಿಗೆ ಹಾಕಿದ ಚೆಕ್ಕಿಗೆ 138 ಅನ್ವಯಿಸುವುದೇ ಇಲ್ಲ. ಅಂಥದ್ದನ್ನು ಬೇಕಾದರೆ ಅಮಾನ್ಯ ಅನ್ನಿ.

ಆದರೂ ಪೇಪರ್‌ನವರನ್ನು ಪೂರ್ತಿ ಬೈಯುವ ಹಾಗಿಲ್ಲ. ಚೆಕ್ ಬೌನ್ಸಿಗೆ ಕಾನೂನಿನ ಇಂಗ್ಲಿಷಿನಲ್ಲಿ ಇರುವ ‘ಡಿಸಾನರ್’ ಎಂದರೆ ಮನ್ನಣೆ ಕೊಡದಿರುವುದು. ಕಾಗದ ಬರೆಯುವಾಗ ‘ಮಾನ್ಯರೇ’ ಅನ್ನುತ್ತೇವಲ್ಲ, ಆ ಮಾನ್ಯವೂ ಮನ್ನಣೆಗೆ ಸೇರಿದ್ದೇ. ಆ ಲೆಕ್ಕದಲ್ಲಿ ಅಮಾನ್ಯ ಸರಿ. ತೊಂದರೆ ಏನೆಂದರೆ, ಈಗ ಆ ಪದ ಕಿವಿಗೆ ಬಿದ್ದರೆ ತಿರಸ್ಕೃತ ಮತ, ಹಳೇ ನೋಟು ಇವೇ ನೆನಪಾಗುತ್ತವೆ. ‘ಅನಾದರ’ ಎಂದು ಬರೆಯುವವರೂ ಇದ್ದಾರೆ. ನನಗಂತೂ ಮದುವೆಮನೆಯಲ್ಲಿ ಯಾರೂ ಮಾತಾಡಿಸದ ಬೀಗರು ಕಣ್ಮುಂದೆ ಬರುತ್ತಾರೆ.

ತಮಾಷೆಯೆಂದರೆ 138ರ ತಲೆಬರಹದಲ್ಲಿ ಮಾತ್ರ ‘ಡಿಸಾನರ್’ ಇದೆ. ಒಳಗಿನ ಸಾಲುಗಳಲ್ಲಿ ಇರುವುದು, ಬ್ಯಾಂಕು ಹಣ ಕೊಡದೆ ಹಿಂದಿರುಗಿಸಿದ ಚೆಕ್ ಎಂಬ ಅರ್ಥದ ಮಾತು. ಬಂದರಿನವರೂ ‘ಚೆಕ್ ರಿಟರ್ನ್ ಆಯ್ತು’ ಎನ್ನುತ್ತಾರೆ, ತುಳುವಿನಲ್ಲಿ ‘ಚೆಕ್ ಪಿರ ಬತ್ತ್ಂಡ್’. ಕಾಯ್ದೆಗೆ ಹತ್ತಿರ ಇರುವುದು ಇದೇ ಅಲ್ವಾ?

ಹಾಗಂತ ‘ಚೆಕ್ ವಾಪಸ್ ಪ್ರಕರಣ’ ಎಂದು ಬರೆದರೆ, ಯಾರೋ ಪರಿಹಾರದ ಚೆಕ್ಕನ್ನು ಬೇಡವೆಂದು ಹಿಂದಿರುಗಿಸಿದ ಹಾಗೆ ಕೇಳುತ್ತದೆ. ‘ಹಣವಾಗದ ಚೆಕ್’ ಆದೀತಾ? ಕೆನರಾ, ಕಾರ್ಪೊರೇಶನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಬ್ಯಾಂಕ್ ಹುಟ್ಟಿದ ಸೀಮೆ ನಮ್ಮದು, ಇದಕ್ಕೊಂದು ಪದ ಇಲ್ಲದಿರುತ್ತದಾ! ಹುಂಡಿಗೆ (ದೇವಸ್ಥಾನದ್ದಲ್ಲ, ಹಿಂದೆ ವ್ಯಾಪಾರಿಗಳು ಹಣ ಕೊಡಿಸಲು ಬರೆಯುತ್ತಿದ್ದ ಚೀಟಿ) ದುಡ್ಡು ಸಿಗದೆ ಹೋದರೆ ನಿಮ್ಮ ಕಡೆಯ ಹಳೇ ವ್ಯಾಪಾರಿಗಳು ಏನನ್ನುತ್ತಿದ್ದರು? ಗೊತ್ತಿದ್ದವರು ಹೇಳಿ.