‘ಆಯ್ಕೆಗಳ ಪರಿಶೀಲನೆಗೆ ಸಲಹೆಗಾರರ ನೇಮಕ’ ಅಂದರೆ ಕಂಪನಿ ಮಾರಾಟಕ್ಕಿದೆ ಅಂತಲೇ?

ಪ್ರಶ್ನೆ
ಟೆಕ್ ಕಂಪನಿಯೊಂದು ಹೀಗೆ ಪ್ರಕಟಿಸಿದರೆ ‘ಮಾರಲು ಹೊರಟಿದ್ದಾರೆ’ ಎಂದೇ ತಿಳಿಯಬೇಕೆ? ಒಳಗೆ ಕೆಲಸ ಹೇಗೆ ಸಾಗುತ್ತದೆ, ಎಲ್ಲಿ ಎಡವುತ್ತದೆ? ಬಲ್ಲವರು ತಿಳಿಸಿ.

ಉತ್ತರ 1
ಹಾಗೆ ತಿಳಿಯಬೇಡಿ. ಇಡೀ ಕಂಪನಿಯ ಮಾರಾಟ, ಒಂದು ವಿಭಾಗದ ಮಾರಾಟ, ವಿಲೀನ, ಹೊಸ ಸಾಲ, ಇದ್ದಂತೆಯೇ ಮುಂದುವರಿಯುವುದು, ಎಲ್ಲವೂ ಆ ಮಾತಿನೊಳಗೆ ಬರುತ್ತವೆ. ಫೋನ್ ಕಂಪನಿ ಬ್ಲ್ಯಾಕ್‌ಬೆರಿ 2013ರ ಆಗಸ್ಟ್‌ನಲ್ಲಿ ಇಂಥ ಆಯ್ಕೆಗಳ ಪರಿಶೀಲನೆಗೆ ವಿಶೇಷ ಸಮಿತಿ ರಚಿಸಿತು. ದೊಡ್ಡ ಶೇರುದಾರ ಫೇರ್‌ಫ್ಯಾಕ್ಸ್‌ನ ಮುಖ್ಯಸ್ಥ ಪ್ರೇಮ್ ವತ್ಸ, ಹಿತಾಸಕ್ತಿಯ ತಿಕ್ಕಾಟ ಬರಬಹುದೆಂದು ಆಗಲೇ ನಿರ್ದೇಶಕ ಸ್ಥಾನ ಬಿಟ್ಟರು. ಮುಂದಿನ ತಿಂಗಳು ಫೇರ್‌ಫ್ಯಾಕ್ಸ್ ಗುಂಪು ಶೇರಿಗೆ 9 ಡಾಲರ್‌ನಂತೆ ಸುಮಾರು 470 ಕೋಟಿ ಡಾಲರ್ ಕೊಡಲು ಮುಂದೆ ಬಂತು. ನವೆಂಬರ್‌ನಲ್ಲಿ ಅದು ಮುರಿದುಬಿತ್ತು. ಕೈಗೆ ಬಂದದ್ದು 100 ಕೋಟಿ ಡಾಲರ್‌ನ ಪರಿವರ್ತನೀಯ ಸಾಲಪತ್ರದ (ಮುಂದೆ ಶೇರಾಗಿ ಬದಲಿಸಿಕೊಳ್ಳಬಹುದಾದ ಸಾಲ) ಹಣ. ಸಿಇಒ ಬದಲಾದರು, ಕಂಪನಿ ಮಾರಾಟವಾಗಲಿಲ್ಲ.

ಉತ್ತರ 2
ಎಡವುವುದು ಬಹುಪಾಲು ಸಲಹೆಗಾರರ ಜೊತೆಗಿನ ಒಪ್ಪಂದದಲ್ಲೇ. ಸಲಹೆಗಾರರಾಗಿ ಬರುವ ಹೂಡಿಕೆ ಬ್ಯಾಂಕಿಗೆ ತಿಂಗಳ ಶುಲ್ಕ ಸಣ್ಣದು, ವ್ಯವಹಾರ ಮುಗಿದಾಗ ಸಿಗುವ ಸಕ್ಸೆಸ್ ಫೀ ದೊಡ್ಡದು. ‘ಮಾರಬೇಡಿ’ ಎಂದು ಹೇಳಿದರೆ ಆ ಹಣವೇ ಇಲ್ಲ! ಹಾಗಾಗಿ ಮಾರದೆ ಉಳಿಯುವ ಆಯ್ಕೆಯನ್ನು ಅಳೆಯಲು ನಿಗದಿತ ಶುಲ್ಕದ ಇನ್ನೊಬ್ಬ ಸಲಹೆಗಾರರನ್ನು ಸ್ವತಂತ್ರ ನಿರ್ದೇಶಕರ ಸಮಿತಿಯೇ ನೇಮಿಸಿಕೊಳ್ಳುವುದು ಒಳ್ಳೆಯದು. ‘ಟೇಲ್’ ಷರತ್ತನ್ನೂ ಬಿಡದೆ ಓದಿ: ಒಪ್ಪಂದ ರದ್ದಾದ ಮೇಲೂ, ಸಾಮಾನ್ಯವಾಗಿ 12ರಿಂದ 24 ತಿಂಗಳೊಳಗೆ ವ್ಯವಹಾರ ಕುದುರಿದರೆ ಶುಲ್ಕ ಕೊಡಬೇಕಾಗುತ್ತದೆ. ಬ್ಯಾಂಕ್ ನಿಜವಾಗಿ ಮಾತಾಡಿಸಿದ ಖರೀದಿದಾರರ ಪಟ್ಟಿಗೆ ಮಾತ್ರ ಅದು ಅನ್ವಯವಾಗುವಂತೆ ಬರೆಸಿಕೊಳ್ಳಬೇಕು.

ಮಾರಾಟದ ಕ್ರಮ ಇಷ್ಟು: ಕಂಪನಿಯ ಹೆಸರಿಲ್ಲದ ಟೀಸರ್ (ಕಿರು ಪರಿಚಯ), ಎನ್‌ಡಿಎ (ಗೋಪ್ಯತೆಯ ಒಪ್ಪಂದ), ವಿವರ ಪುಸ್ತಿಕೆ, ಖರೀದಿದಾರರಿಂದ ಬದ್ಧತೆಯಿಲ್ಲದ ಬೆಲೆ, ಡೇಟಾ ರೂಮ್ (ಕಂಪನಿಯ ಕಡತಗಳನ್ನು ಖರೀದಿದಾರರ ಪರಿಶೀಲನೆಗೆ ಇಡುವ ಜಾಗ), ಅಂತಿಮ ಬೆಲೆ. ಒಬ್ಬರಿಗೇ ಬೇಗ ಎಕ್ಸ್‌ಕ್ಲೂಸಿವಿಟಿ (ಬೇರೆಯವರೊಡನೆ ಮಾತಾಡುವುದಿಲ್ಲ ಎಂಬ ಮಾತು) ಕೊಟ್ಟರೆ ಪೈಪೋಟಿ ಅಲ್ಲಿಗೇ ಸತ್ತಿತು.

ಉತ್ತರ 3
ಟೆಕ್ ಕಂಪನಿಗೇ ವಿಶೇಷವಾದ ತೊಡಕುಗಳಿವೆ. ಡೇಟಾ ರೂಮ್ ತೆರೆಯುವ ಮೊದಲೇ ಮೂರು ಕಡತ ಸರಿಯಾಗಿರಲಿ: ಕೋಡ್ ಬರೆದ ಪ್ರತಿಯೊಬ್ಬರೂ, ಗುತ್ತಿಗೆಯವರೂ ಸೇರಿ, ಹಕ್ಕು ಬಿಟ್ಟುಕೊಟ್ಟ ಪತ್ರ, ಓಪನ್ ಸೋರ್ಸ್ ಪರವಾನಗಿಗಳ ಸ್ಕ್ಯಾನ್ ವರದಿ (ಜಿಪಿಎಲ್ ಕೋಡ್ ಮಾರಾಟದ ಉತ್ಪನ್ನದೊಳಗೆ ಸೇರಿದೆಯೇ ನೋಡಿ; ಅದನ್ನು ಬೆರೆಸಿ ಹಂಚಿದರೆ ನಿಮ್ಮ ಮೂಲ ಕೋಡನ್ನೂ ಕೊಡಬೇಕಾಗಬಹುದಾದ ಪರವಾನಗಿ ಅದು), ಮಾಲೀಕತ್ವ ಬದಲಾದರೆ ರದ್ದು ಮಾಡಬಹುದಾದ ಗ್ರಾಹಕ ಒಪ್ಪಂದಗಳ ಪಟ್ಟಿ. ಖರೀದಿದಾರ ಪ್ರತಿಸ್ಪರ್ಧಿಯಾಗಿದ್ದರೆ ಮೂಲ ಕೋಡ್, ಗ್ರಾಹಕವಾರು ಬೆಲೆಗಳನ್ನು ಪ್ರತ್ಯೇಕ ‘ಕ್ಲೀನ್ ಟೀಮ್’ (ಖರೀದಿದಾರನ ದಿನನಿತ್ಯದ ವ್ಯವಹಾರದಲ್ಲಿ ಇಲ್ಲದವರ ಚಿಕ್ಕ ತಂಡ) ಮಾತ್ರ ನೋಡಬೇಕು.

ಭದ್ರತಾ ಲೋಪ ಮುಚ್ಚಿಟ್ಟರೆ ಬೆಲೆಗೇ ಏಟು. ಯಾಹೂ 2016ರ ಜುಲೈನಲ್ಲಿ ತನ್ನ ಮುಖ್ಯ ವ್ಯವಹಾರವನ್ನು ದೂರಸಂಪರ್ಕ ಕಂಪನಿ ವೆರೈಝನ್‌ಗೆ 483 ಕೋಟಿ ಡಾಲರ್‌ಗೆ ಮಾರಲು ಒಪ್ಪಿತ್ತು. ಹಳೆಯ ದತ್ತಾಂಶ ಸೋರಿಕೆಗಳು ಆಮೇಲೆ ಹೊರಬಿದ್ದು 35 ಕೋಟಿ ಡಾಲರ್ ಕಡಿತವಾಯಿತು.

ಇನ್ನು ಜನ. ಸುದ್ದಿ ಬಂದ ವಾರವೇ ಒಳ್ಳೆಯ ಎಂಜಿನಿಯರುಗಳಿಗೆ ಬೇರೆ ಕಡೆಯ ಕರೆ ಬರುತ್ತದೆ. ಉಳಿಸಿಕೊಳ್ಳುವ ಬೋನಸ್ ಪತ್ರ ಪ್ರಕಟಣೆಗೆ ಮುಂಚೆಯೇ ಸಿದ್ಧವಿರಬೇಕು.

ಪ್ರಶ್ನೆ ಕೇಳಿದವರು
ಧನ್ಯವಾದ. ‘ಫೇರ್‌ನೆಸ್ ಒಪಿನಿಯನ್’ (ಬೆಲೆಯ ಬಗ್ಗೆ ಸಲಹೆಗಾರರು ಬರೆದುಕೊಡುವ ಅಭಿಪ್ರಾಯ) ಇದ್ದರೆ ಬೆಲೆ ಸರಿ ಎಂದು ನಂಬಬಹುದೇ?

ಉತ್ತರ 2
ಹಣಕಾಸಿನ ದೃಷ್ಟಿಯಿಂದ ಬೆಲೆ ನ್ಯಾಯವಾದ ವ್ಯಾಪ್ತಿಯೊಳಗಿದೆ ಎಂದಷ್ಟೇ ಅದು ಹೇಳುತ್ತದೆ, ಇದೇ ಅತಿ ಹೆಚ್ಚಿನ ಬೆಲೆ ಎಂದಲ್ಲ. ಲೆಕ್ಕ ನಿಂತಿರುವುದು ಆಡಳಿತ ಮಂಡಳಿ ಕೊಟ್ಟ ಮುನ್ನಂದಾಜಿನ ಮೇಲೆ. ಶೇರುದಾರರಿಗೆ ಬರುವ ದಾಖಲೆಯಲ್ಲಿ ಆ ಅಂದಾಜನ್ನು ಮಾತುಕತೆಯ ನಡುವೆ ಇಳಿಸಿದ್ದಾರೆಯೇ ಎಂದು ಮೊದಲು ಹುಡುಕಿ.