ಡ್ರೈವ್‌ವೇಗೆ ಏನನ್ನೋಣ? ಜೊತೆಗೆ ಗ್ರಾವೆಲ್, ಸೀಲ್ ಕೋಟ್, ಡಾಂಬರಿನ ತಕರಾರು

ಬಳಗದವರಿಗೆ ನಮಸ್ಕಾರ.

ಕೇಳಬೇಕಾದ್ದು ಒಂದೇ ಪದ: ಡ್ರೈವ್‌ವೇಗೆ ಕನ್ನಡದಲ್ಲಿ ಏನನ್ನಬೇಕು ಅಂತ. ಆದರೆ ಅದು ಹುಟ್ಟಿದ ಕಥೆ ಸ್ವಲ್ಪ ಉದ್ದ, ಸಹಿಸಿಕೊಳ್ಳಿ.

ನಾವಿರುವುದು ನ್ಯೂಜೆರ್ಸಿಯಲ್ಲಿ. ರಸ್ತೆಯಿಂದ ಗ್ಯಾರೇಜಿನವರೆಗಿನ ಡ್ರೈವ್‌ವೇ 10 ಅಡಿ ಅಗಲ, 50 ಅಡಿ ಉದ್ದ. ಕೆಲವು ವರ್ಷದ ಹಿಂದೆ ಒಬ್ಬ ಕಂಟ್ರಾಕ್ಟರ್ ಹಳೆಯದರ ಮೇಲೆಯೇ ತೆಳ್ಳಗೆ ಒಂದು ಪದರ ಡಾಂಬರು ಎಳೆದು ದುಡ್ಡು ತಗೊಂಡು ಹೋದ. ಕೆಳಗಿನ ತಳವನ್ನು ಮುಟ್ಟಲೇ ಇಲ್ಲ. ಈಗ ಗ್ಯಾರೇಜಿನ ಹತ್ತಿರ ಮೊಸಳೆ ಬೆನ್ನಿನ ಹಾಗೆ ಬಿರುಕು ಬಿಟ್ಟಿದೆ. ಇಲ್ಲಿಯವರೂ ಅದಕ್ಕೆ ಮೊಸಳೆ ಬಿರುಕು ಅಂತಲೇ ಹೇಳುತ್ತಾರೆ. ಈ ಸಲ ಪೂರ್ತಿ ಕಿತ್ತು ಹೊಸದಾಗಿ ಮಾಡಿಸೋಣ ಅಂತ ಮೂರು ಕಡೆಯಿಂದ ಕೊಟೇಶನ್ ತರಿಸಿದೆ. ಊರಿಂದ ಅಪ್ಪ ಬಂದಿದ್ದಾರೆ. ಅವರು ಲೋಕೋಪಯೋಗಿ ಇಲಾಖೆಯಲ್ಲಿ ಇಡೀ ಸರ್ವಿಸ್ ರಸ್ತೆ ಮಾಡಿಸಿದವರು. ಅವರೆದುರು ಕೂತು ಕೊಟೇಶನ್ನನ್ನು ಕನ್ನಡದಲ್ಲಿ ಹೇಳತೊಡಗಿದೆ.

ಮೊದಲ ಸಾಲಿಗೇ ಜಗಳ. "6 ಇಂಚು ಗ್ರಾವೆಲ್ ಹಾಕಿ..." ಅಂದೆ. "ಗ್ರಾವೆಲ್ ಮೇಲೆ ಡಾಂಬರು ಹಾಕ್ತಾನಂತಾ? ಜಲ್ಲಿ ಎಲ್ಲಿ? ಇವನನ್ನ ಕಳಿಸು" ಅಂದರು ಅಪ್ಪ. ಅವರು ಹೇಳಿದ್ದು ಸರಿ. ನಮ್ಮ ಕಡೆ ಗ್ರಾವೆಲ್ ಅಂದರೆ ಟ್ರಾಕ್ಟರಿನಲ್ಲಿ ತಂದು ಸುರಿಯುವ ಕೆಂಪು ಗರಸು ಮಣ್ಣು, ಉತ್ತರದವರ ಮೊರಂ. ಇಂಗ್ಲಿಷ್ ನಿಘಂಟು ತೆಗೆದರೆ ಅದು ನದಿಯ ಉರುಟು ಕಲ್ಲು. ಇಲ್ಲಿಯ ಕಂಟ್ರಾಕ್ಟರ್ ಬಾಯಲ್ಲಿ ಇವೆರಡೂ ಅಲ್ಲ: ಕ್ರಷರಿನಲ್ಲಿ ಒಡೆದ ಕಲ್ಲು, ಮುಕ್ಕಾಲು ಇಂಚಿನಿಂದ ಹಿಡಿದು ಪುಡಿಯವರೆಗೆ ಎಲ್ಲ ಬೆರೆತದ್ದು. "ಓ, ವೆಟ್ ಮಿಕ್ಸ್ ಮೆಕಾಡಂ ಥರದ್ದು ಅನ್ನು" ಅಂದು ಅಪ್ಪ ತಣ್ಣಗಾದರು.

ಈ ಮೆಕಾಡಂ ಒಬ್ಬ ಮನುಷ್ಯನ ಹೆಸರು ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತೋ. ಸ್ಕಾಟ್ಲೆಂಡಿನ ಜಾನ್ ಲೌಡನ್ ಮೆಕಾಡಂ, 1756ರಲ್ಲಿ ಹುಟ್ಟಿ 1836ರಲ್ಲಿ ತೀರಿಕೊಂಡವನು. ಅವನ ರಸ್ತೆಯಲ್ಲಿ ಡಾಂಬರೇ ಇರಲಿಲ್ಲ. ಒಡೆದ ಜಲ್ಲಿಯ ಚೂಪು ಮೂಲೆಗಳು ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತವೆ, ಗುಟ್ಟು ಅಷ್ಟೇ. ಉರುಟು ಕಲ್ಲು ಹಾಗೆ ಕಚ್ಚುವುದಿಲ್ಲ, ಜಾರುತ್ತದೆ. ಹಾಗಾಗಿ ಜಲ್ಲಿಯೋ ಗ್ರಾವೆಲ್ಲೋ ಅನ್ನುವುದು ಬರೀ ಮಾತಿನ ತಕರಾರಲ್ಲ.

ಆಮೇಲೆ ಟನ್ನು. ಜಲ್ಲಿ ಮೇಲೆ 3 ಇಂಚು ದಪ್ಪ ಡಾಂಬರಿಗೆ ಎಷ್ಟು ಮಾಲು ಬೇಕು ಅಂತ ಅಪ್ಪ ಪೇಪರಿನ ಅಂಚಿನಲ್ಲೇ ಲೆಕ್ಕ ಹಾಕಿದರು. 8 ಟನ್ ಚಿಲ್ಲರೆ ಬಂತು. ಕೊಟೇಶನ್ನಿನಲ್ಲಿ 9ಕ್ಕೂ ಮೇಲಿತ್ತು. ಮತ್ತೆ "ಕಳಿಸು" ಅನ್ನುವಷ್ಟರಲ್ಲಿ ಹೊಳೆಯಿತು, ಅಮೆರಿಕದ ಟನ್ ಅಂದರೆ 2000 ಪೌಂಡು, ನಮ್ಮ ಲೆಕ್ಕದಲ್ಲಿ ಬರೀ 907 ಕೆಜಿ. ಇಬ್ಬರದೂ ಸರಿಯೇ.

ಸೀಲ್ ಕೋಟ್ ಇನ್ನೂ ಮಜವಾಗಿತ್ತು. ಮೂರೂ ಜನ ಒಂದೇ ಮಾತು ಬರೆದಿದ್ದರು: ಸೀಲ್ ಕೋಟ್ ಈಗ ಬೇಡ, ಆರು ತಿಂಗಳಿಂದ ಒಂದು ವರ್ಷ ಬಿಟ್ಟು ಮಾಡಿಸಿ. ಅಪ್ಪನಿಗೆ ಇದು ಅರ್ಧ ಕೆಲಸ ಮಾಡಿ ಓಡಿಹೋಗುವ ಉಪಾಯದ ಹಾಗೆ ಕಂಡಿತು. ಅವರ ಕಾಲದ ಹಳ್ಳಿ ರಸ್ತೆಗಳಲ್ಲಿ 20 ಎಂಎಂ ಕಾರ್ಪೆಟ್, ಅಂದರೆ ತೆಳು ಡಾಂಬರು ಪದರ, ಹಾಸಿದ ಬೆನ್ನಿಗೇ ಬಿಟುಮೆನ್ (ಜಲ್ಲಿ ಹಿಡಿದಿಡುವ ಕಪ್ಪು ಅಂಟು) ಮತ್ತು ಸಣ್ಣ ಕಲ್ಲು ಚಿಪ್ಸಿನ ಸೀಲ್ ಕೋಟ್ ಬೀಳಬೇಕು. ಇಲ್ಲದಿದ್ದರೆ ತೂತುಗಳಲ್ಲಿ ನೀರು ಇಳಿದು ಮೊದಲ ಮಳೆಗೇ ರಸ್ತೆ ಎದ್ದು ಬರುತ್ತದೆ. ಇಲ್ಲಿ ಹಾಸುವ ಮಾಲು ಮೊದಲೇ ಗಟ್ಟಿ, ತೂತು ಕಮ್ಮಿ. ಇವರ ಸೀಲ್ ಕೋಟ್ ಅಂದರೆ ಕುಂಚದಲ್ಲೋ ಸ್ಪ್ರೇಯಲ್ಲೋ ಬಳಿಯುವ ಕಪ್ಪು ಬಣ್ಣದಂಥ ದ್ರವ. ಹೊಸ ಡಾಂಬರು ಒಣಗಿ ಬಲಿಯುವ ಮುಂಚೆ ಬಳಿದರೆ ಮೇಲೆ ಮುಚ್ಚಳ ಹಾಕಿದ ಹಾಗಾಗಿ ಒಳಗೆ ಮೆತ್ತಗೇ ಉಳಿಯುತ್ತದೆ. ಹೆಸರು ಒಂದೇ, ಕೆಲಸ ಬೇರೆ.

ಇನ್ನು ಡಾಂಬರು. ಇಲ್ಲಿ ನಾನೇ ಸಿಕ್ಕಿಬಿದ್ದೆ. ಒಬ್ಬ ಬರೆದಿದ್ದ: ಹಾಸುವುದು ಆಸ್ಫಾಲ್ಟ್, ಮುಂದೆ ಬಳಿಯುವ ಸೀಲರ್‌ನಲ್ಲಿ ಕೋಲ್ ಟಾರ್ ಇರುವುದಿಲ್ಲ. ನಾನು ಕನ್ನಡದಲ್ಲಿ ಹೇಳಿದ್ದು, "ಡಾಂಬರು ಹಾಕ್ತಾನೆ, ಆದರೆ ಡಾಂಬರು ಇರಲ್ಲ." ಅಪ್ಪ ನನ್ನ ಮುಖ ನೋಡಿದರು.

ಕಲ್ಲಿದ್ದಲಿನಿಂದ ಬರುವುದು ಟಾರು, ಕಚ್ಚಾ ತೈಲ ಸಂಸ್ಕರಿಸಿ ಉಳಿಯುವುದು ಬಿಟುಮೆನ್. ಆ ಬಿಟುಮೆನ್‌ಗೂ ಅದನ್ನು ಬೆರೆಸಿದ ಜಲ್ಲಿ ಮಾಲಿಗೂ ಅಮೆರಿಕದವರು ಆಸ್ಫಾಲ್ಟ್ ಅಂದುಬಿಡುತ್ತಾರೆ. ನಾವು ಮೂರಕ್ಕೂ ಡಾಂಬರು ಅಂತೇವೆ. ಹಳೇ ಮೈಸೂರಿನ ಕಡೆ ಟಾರು. ಈಗಿನ ನಮ್ಮ ಟಾರ್ ರೋಡಿನಲ್ಲಿ ಟಾರೇ ಇಲ್ಲ, ಅದು ವಿಜಿ 30ರಂಥ ದರ್ಜೆಯ ಬಿಟುಮೆನ್. ಸೀರೆ ನಡುವೆ ಇಡುವ ನುಸಿಗುಳಿಗೆಗೆ ಕೆಲವು ಕಡೆ ಡಾಂಬರು ಗುಳಿಗೆ ಅನ್ನುತ್ತಾರಲ್ಲ, ಪದ ಸರಿಯಾಗಿ ಕೂತಿರುವುದು ಅಲ್ಲಿ. ನ್ಯಾಫ್ತಲೀನ್ ಮೊದಲು ಸಿಕ್ಕಿದ್ದೇ ಕಲ್ಲಿದ್ದಲ ಟಾರಿನಿಂದ. ವ್ಯತ್ಯಾಸ ಯಾಕೆ ಮುಖ್ಯ ಅಂದರೆ, ಕೋಲ್ ಟಾರ್ ಸೀಲರ್ ಮಳೆಗೆ ತೊಳೆದು ಹಳ್ಳ ಸೇರಿದರೆ ವಿಷ ಅಂತ ಟೆಕ್ಸಾಸಿನ ಆಸ್ಟಿನ್ ನಗರ 2005ರಲ್ಲೇ ನಿಷೇಧ ಮಾಡಿತು. 2011ರಲ್ಲಿ ವಾಷಿಂಗ್ಟನ್ ರಾಜ್ಯವೂ ಮಾಡಿತು.

ಡಾಂಬರಿಗೆ ಹಿಂದಿಯಲ್ಲಿ ಡಾಮರ್, ಮರಾಠಿಯಲ್ಲಿ ಡಾಂಬರ್. ಮಲಯ ಭಾಷೆಯಲ್ಲಿ ದಾಮರ್ ಅಂದರೆ ಮರದ ರಾಳ. ನಮ್ಮ ಘಟ್ಟದ ಸಾಲುಧೂಪದ ಅಂಟಿಗೂ ಇಂಗ್ಲಿಷ್‌ನಲ್ಲಿ ವೈಟ್ ಡಾಮರ್ ಅಂತ ಹೆಸರಿದೆ. ಪತ್ರಿಕೆಯವರ "ಡಾಂಬರೀಕರಣ" ಮಾತ್ರ ನನಗೆ ಆಗುವುದಿಲ್ಲ. ಡಾಂಬರು ಹಾಕಿದರು ಅಂದರೆ ಯಾರಿಗೆ ಏನು ಕಮ್ಮಿಯಾಗುತ್ತಿತ್ತೋ.

ನಾನು ಗಮನಿಸಿದ್ದು ಇದು. ಅಪ್ಪನಿಗೂ ನನಗೂ ಎಡವಟ್ಟಾಗಿದ್ದು ಕನ್ನಡ ಪದ ಇಲ್ಲದ ಕಡೆ ಅಲ್ಲ. ಇಬ್ಬರಿಗೂ ಗೊತ್ತು ಅಂದುಕೊಂಡಿದ್ದ ಇಂಗ್ಲಿಷ್ ಪದ ಇದ್ದ ಕಡೆ. ಗ್ರಾವೆಲ್, ಟನ್, ಸೀಲ್ ಕೋಟ್ ನಮ್ಮಲ್ಲಿಗೆ ಬಂದು ನಮ್ಮವೇ ಅರ್ಥ ಕಟ್ಟಿಕೊಂಡಿವೆ. ಗಾರೆ ಕೆಲಸದವರ ಪದ ಬಳಸಿದ ಕಡೆ ಒಂದು ಸಲವೂ ತೊಂದರೆ ಆಗಲಿಲ್ಲ.

ಉದಾಹರಣೆಗೆ ವಾಟ. ಕಂಟ್ರಾಕ್ಟರ್ ನೋಡಲು ಬಂದ ದಿನ ಅಪ್ಪ ಒಳಗಿಂದ ಒಂದು ಚೊಂಬು ನೀರು ತಂದು ಡ್ರೈವ್‌ವೇ ನಡುವೆ ಸುರಿದರು. ನೀರು ಒಂದು ಕ್ಷಣ ನಿಂತು, ಆಮೇಲೆ ನಿಧಾನಕ್ಕೆ ಗ್ಯಾರೇಜಿನ ಬಾಗಿಲ ಕಡೆಗೇ ಹರಿಯಿತು. "ವಾಟ ತಪ್ಪಿದೆ" ಅಂದು ಅಂಗೈ ಓರೆ ಮಾಡಿ ತೋರಿಸಿದರು. ಆತ ತಲೆಯಾಡಿಸಿ ಅಡಿಗೆ ಕಾಲು ಇಂಚು ಇಳಿಸುತ್ತೇನೆ ಅಂದ. ಅಂದರೆ ನೂರಕ್ಕೆ ಎರಡು. ಇದಕ್ಕೆ ಪುಸ್ತಕದಲ್ಲಿ ಇಳಿಜಾರು ಅಂತಾರೆ, ಆದರೆ ಇಳಿಜಾರು ತಾನಾಗಿ ಇರುವಂಥದ್ದು, ವಾಟ ನಾವು ಬೇಕಂತ ಕೊಡುವುದು. ಅಲ್ವಾ?

ಹಾಗೆಯೇ ದಮ್ಮಸು. ಕೆಲವು ಕಡೆ ದಿಮ್ಮಸು. ತಳದ ಮಣ್ಣು ಮತ್ತು ಜಲ್ಲಿಯನ್ನು ಬಡಿದು ಗಟ್ಟಿ ಮಾಡುವುದು. ಹಿಂದಿನವನು ಬಿಟ್ಟಿದ್ದೂ ಅದನ್ನೇ. ಚಳಿಗಾಲದಲ್ಲಿ ತಳದೊಳಗಿನ ನೀರು ಹೆಪ್ಪುಗಟ್ಟಿ ಉಬ್ಬಿ, ವಸಂತದಲ್ಲಿ ಕರಗಿ ಕುಸಿದಾಗ ಸಡಿಲ ತಳ ತಡೆಯುವುದಿಲ್ಲ. ಬಿಸಿ ಮಾಲು ಸುಮಾರು 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬರುತ್ತದೆ, 80ಕ್ಕೆ ಇಳಿಯುವ ಮುಂಚೆ ರೋಲರ್ ಓಡಿ ಮುಗಿಯಬೇಕು. ಹಾಗಾಗಿ ಚಳಿಯಲ್ಲಿ ಈ ಕೆಲಸ ಯಾರೂ ಮಾಡುವುದಿಲ್ಲ.

ಈಗ ಪ್ರಶ್ನೆ. ಡ್ರೈವ್‌ವೇಗೆ ಏನನ್ನೋಣ? ಓಣಿ ಅಂದರೆ ಧಾರವಾಡದವರಿಗೆ ಕೇರಿಯ ದಾರಿ, ಮಲೆನಾಡಿನವರಿಗೆ ಎರಡು ಬೇಲಿ ನಡುವಿನ ದಾರಿ. ಅಂಗಳ ಅಂದರೆ ಗಾಡಿ ನೆನಪಾಗುವುದಿಲ್ಲ, ರಂಗೋಲಿ ನೆನಪಾಗುತ್ತದೆ. ಗಾಡಿದಾರಿ ಅಂದರೆ ಊರಾಚೆಯ ಎತ್ತಿನ ಗಾಡಿ ಜಾಡು. ಮನೆದಾರಿ ಚೆನ್ನಾಗಿದೆ, ಆದರೆ "ಮನೆದಾರಿ ಹಿಡಿದ" ಅಂದರೆ ಬೇರೆಯೇ ಅರ್ಥ. ಕಾಫಿ ತೋಟದ ಕಡೆಯವರು ಗೇಟಿನಿಂದ ಬಂಗಲೆವರೆಗಿನ ದಾರಿಗೆ ಏನಾದರೂ ಹೆಸರಿಟ್ಟಿದ್ದಾರಾ? ಹೊಸದಾಗಿ ಕಟ್ಟಿದ ಪದ ಬೇಡ, ಯಾರಾದರೂ ನಿಜವಾಗಿ ಆಡುವ ಪದ ಬೇಕು.

ಅಪ್ಪ ಕೆಲಸದ ಚೀಟಿಯನ್ನು ಕನ್ನಡದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದಾರೆ: ಜಲ್ಲಿ 6 ಇಂಚು, ದಮ್ಮಸು, ಡಾಂಬರು ಎರಡು ಪದರ ಸೇರಿ 3 ಇಂಚು, ವಾಟ ರಸ್ತೆ ಕಡೆಗೆ. ಮೇಲಿನ ಸಾಲು ಮಾತ್ರ "ಮನೆ ಮುಂದಿನ" ಅಂತ ಬರೆದು ಖಾಲಿ ಬಿಟ್ಟಿದ್ದಾರೆ. ಮೇ ತಿಂಗಳಲ್ಲಿ ಕೆಲಸ ಶುರು.