ಪದಚರ್ಚೆ: ಊಹೆ, ಅಂದಾಜು, ಕಣ್ಣಳತೆ – ಗೆಲಾಕ್ಸಿಗೆ ಯಾವುದು?

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೂಡಿಗೆರೆಯಲ್ಲಿ ಹೈಸ್ಕೂಲು ಮಕ್ಕಳಿಗೆ ಗೆಲಾಕ್ಸಿಗಳ ಬಗ್ಗೆ ನಾಲ್ಕು ಪುಟ ಬರೆಯಲು ಕೂತಿದ್ದೇನೆ. ಒಂದು ಪದಕ್ಕೆ ಬಂದು ಸಿಕ್ಕಿಕೊಂಡಿದ್ದೇನೆ.

ದೂರದ ಗೆಲಾಕ್ಸಿಯ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ರೋಹಿತ ತೆಗೆದರೆ ಅದರ ಕೆಂಪುಪಲ್ಲಟ, ಅಂದರೆ ಬೆಳಕು ಕೆಂಪಿನ ಕಡೆಗೆ ಎಷ್ಟು ಸರಿದಿದೆ ಅನ್ನುವುದು, ಸರಿಯಾಗಿ ಸಿಗುತ್ತದೆ. ಗೆಲಾಕ್ಸಿ ದೂರ ಇದ್ದಷ್ಟೂ ಇದು ಹೆಚ್ಚು. ಆದರೆ ಅದಕ್ಕೆ ತುಂಬಾ ಹೊತ್ತು ಬೇಕು, ಕೋಟಿಗಟ್ಟಲೆ ಗೆಲಾಕ್ಸಿಗಳಿಗೆ ಆಗುವ ಮಾತಲ್ಲ. ಅದಕ್ಕೇ ಕೆಲವೇ ಫಿಲ್ಟರ್‌ಗಳಲ್ಲಿ ಎಷ್ಟೆಷ್ಟು ಬೆಳಕು ಬಂತು ಅಂತ ಅಳೆಯುತ್ತಾರೆ. ಸ್ಲೋನ್ ಎಂಬ ಆಕಾಶ ಸಮೀಕ್ಷೆಯಲ್ಲಿ 5 ಫಿಲ್ಟರ್, ಚಿಲಿಯ ರೂಬಿನ್ ವೀಕ್ಷಣಾಲಯದಲ್ಲಿ 6. ಅಷ್ಟರಿಂದಲೇ ದೂರ, ನಕ್ಷತ್ರಗಳ ಒಟ್ಟು ತೂಕ, ವಯಸ್ಸು ಎಲ್ಲ ಲೆಕ್ಕ ಹಾಕುತ್ತಾರೆ. ಈ ಕೆಲಸಕ್ಕೆ ಏನನ್ನೋಣ?

‘ಊಹೆ’ ಬೇಡ. ಕೂತಲ್ಲೇ ಊಹಿಸಬಹುದು, ಅಳೆಯಲೇಬೇಕಿಲ್ಲ. ‘ಅಂದಾಜು’ ಪಾರ್ಸಿಯಿಂದ ಬಂದು ನಮ್ಮದೇ ಆಗಿರುವ ಪದ. ಆದರೆ ‘ಸುಮ್ನೆ ಅಂದಾಜಿಗೆ ಹೇಳಿದೆ’ ಅಂತಲೂ ಅನ್ನುತ್ತೇವಲ್ವಾ?

ನನ್ನ ಮನಸ್ಸು ‘ಕಣ್ಣಳತೆ’ ಕಡೆ. ನಮ್ಮ ಕಡೆ ಕಾಯಿ ಕಟ್ಟಿದ ಕಾಫಿ ಗಿಡ ನೋಡಿ ‘ಇಷ್ಟು ಮೂಟೆ’ ಅನ್ನುವವರಿದ್ದಾರೆ. ಅದು ಬಾಯಿಗೆ ಬಂದ ಮಾತಲ್ಲ, ಎಷ್ಟೋ ವರ್ಷದ ಫಸಲು ನೋಡಿದ ಕಣ್ಣು. ಗೆಲಾಕ್ಸಿಯವರೂ ಹಾಗೇ, ಮೊದಲೇ ಗೊತ್ತಿರುವ ಮಾದರಿಗಳಿಗೆ ಹೋಲಿಸಿ ಹೇಳುತ್ತಾರೆ. ಆದರೆ ಔಟ್‌ಟರ್ನ್, ಅಂದರೆ ಸಿಪ್ಪೆ ಹೋಗಿ ಉಳಿಯುವ ಬೀಜ, ಎಷ್ಟು ಅಂತ ತಿಳಿಯಲು ಸ್ಯಾಂಪಲ್ ಚೆರಿಯ (ಒಣಗಿಸಿದ ಕಾಫಿ ಹಣ್ಣಿನ) ಸಿಪ್ಪೆ ತೆಗೆಸಿ ತೂಗಲೇಬೇಕು. ರೋಹಿತ ಆ ತೂಕದ ಹಾಗೆ.

ಕಣ್ಣಳತೆ ತಪ್ಪುವುದೂ ಉಂಟು. ಗೆಲಾಕ್ಸಿ ಕೆಂಪಗೆ ಕಂಡರೆ ಅದು ತುಂಬಾ ದೂರ ಇರಬಹುದು, ಮುದಿ ನಕ್ಷತ್ರಗಳೇ ಜಾಸ್ತಿ ಇರಬಹುದು, ಇಲ್ಲಾ ನಡುವೆ ದೂಳಿರಬಹುದು. 2022ರಲ್ಲಿ ವೆಬ್ ಬಾಹ್ಯಾಕಾಶ ದೂರದರ್ಶಕದ ಚಿತ್ರ ನೋಡಿ ಸೀಯರ್ಸ್-93316 ಎಂಬ ಗೆಲಾಕ್ಸಿಯ ಕೆಂಪುಪಲ್ಲಟ ಸುಮಾರು 16 ಎಂದಿದ್ದರು. 2023ರಲ್ಲಿ ರೋಹಿತ ತೆಗೆದರೆ ಬಂದದ್ದು 4.9! ದೂಳೂ ಆ ಗೆಲಾಕ್ಸಿಯ ಅನಿಲ ಹೊಮ್ಮಿಸುವ ಪ್ರಖರ ಬೆಳಕಿನ ಗೆರೆಗಳೂ ಸೇರಿ ಮೋಸ ಮಾಡಿದ್ದವು.

ಇಲ್ಲೇ ನನಗೆ ಇನ್ನೊಂದು ತೊಡಕು. ಈ ಲೆಕ್ಕದಲ್ಲಿ ಒಂದೇ ಉತ್ತರ ಬರುವುದಿಲ್ಲ, ಯಾವುದಕ್ಕೆ ಎಷ್ಟು ಸಾಧ್ಯತೆ ಅಂತ ಬರುತ್ತದೆ. ಕನ್ನಡಕ್ಕೆ ಅದೇನು ಕಷ್ಟವಲ್ಲ. ‘ನಾಲ್ಕೈದು’, ‘ಹತ್ತು ಹನ್ನೆರಡು’ ಅನ್ನುತ್ತೇವೆ, ಉತ್ತರದ ಜೊತೆಗೇ ಅದರ ಅಗಲವೂ ಬಂದುಬಿಡುತ್ತದೆ. ಆದರೆ ‘ಒಂದೋ ಐದರ ಹತ್ತಿರ, ಇಲ್ಲಾ ಹದಿನಾರರ ಹತ್ತಿರ, ನಡುವೆ ಮಾತ್ರ ಅಲ್ಲ’ ಅನ್ನುವ ಉತ್ತರವೂ ಇರುತ್ತದೆ. ಇದಕ್ಕೆ ‘ಇಬ್ಬಗೆಯ ಅಂದಾಜು’ ಅಂತ ಬರೆದು ಹೊಡೆದುಹಾಕಿದೆ. ಏನೋ ರಾಜಕೀಯದ ಮಾತಿನ ಹಾಗೆ ಕೇಳುತ್ತದೆ.

ನಿಮ್ಮ ಊರಿನ ಕಡೆ ಅಡಿಕೆ, ಮೆಣಸು, ತೆಂಗಿನ ಫಸಲು ನೋಡಿ ಹೇಳುವವರು ಹೀಗೆ ಒಂದಕ್ಕೊಂದು ತುಂಬಾ ದೂರವಿರುವ ಎರಡು ಲೆಕ್ಕ ಕೊಡುವಾಗ ಬಳಸುವ ಮಾತು ಏನಾದರೂ ಇದೆಯೇ? ಇದ್ದರೆ ಬರೆಯಿರಿ. ಹಾಗೆಯೇ ‘ಕಣ್ಣಳತೆ’ ಅಂದರೆ ಮೇಷ್ಟ್ರುಗಳು ಒಪ್ಪುತ್ತಾರಾ, ಅದನ್ನೂ ಹೇಳಿ.